17 ಮಂದಿಯಲ್ಲಿ 16 ಮಂದಿ ಮನೆಗೆ ಹೋಗುವುದು ಹೇಗೆ?

"ಅಲ್ಲಿ ಬಿ ಫಾರಂ ಕೊಡೋರು ಯಾರು ಭಾವ?"

ತಿಪಟೂರಿನಲ್ಲಿರುವ ನನ್ನ ಭಾಮೈದ ನಾಲ್ಕು ವರ್ಷಕ್ಕೊಮ್ಮೆ ಫೋನಿನಲ್ಲಿ ಇದೇ ಪ್ರಶ್ನೆ ಕೇಳುತ್ತಾನೆ. ಅವನು ಮೂರು ಚುನಾವಣೆಯಲ್ಲಿ ಬೂತ್ ಏಜೆಂಟ್ ಆಗಿ ಕೂತವನು. ಟಿಕೆಟ್ ಅಂದರೆ ಅವನ ಕಣ್ಣ ಮುಂದೆ ಬರುವುದು ಬೆಂಗಳೂರಿಗೆ ಓಡಾಟ, ಅಲ್ಲಿಂದ ದೆಹಲಿಗೆ ಓಡಾಟ, ಕೊನೇ ರಾತ್ರಿ ಹೊರಬೀಳುವ ಪಟ್ಟಿ. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿ ಯಾರೆಂದು ಹೇಳುವ ಹೈಕಮಾಂಡ್ ಇಲ್ಲ, ಒಂದಾದ ಮೇಲೊಂದು ರಾಜ್ಯದಲ್ಲಿ ನಡೆಯುವ ಪ್ರೈಮರಿ ಎಂಬ ಒಳಚುನಾವಣೆಗಳಲ್ಲಿ ಜನರೇ ಆರಿಸುತ್ತಾರೆ ಅಂದರೆ ಅವನು ನಂಬುವುದೇ ಇಲ್ಲ. "ಒಂದೇ ಪಕ್ಷದಿಂದ ಇಪ್ಪತ್ತು ಜನ ನಿಂತರೆ ಉಳಿದ ಹತ್ತೊಂಬತ್ತು ಜನರ ಕೈಲಿ ವಾಪಸ್ ತೆಗೆಸೋರು ಯಾರು ಮತ್ತೆ?"

ನಾನು ಇಲ್ಲಿ ಪ್ರಚಾರ ಸಮಿತಿಗಳ ಲೆಕ್ಕ ಬರೆಯುವವನು. ಭಾಷಣ, ತಂತ್ರಗಾರಿಕೆ ನನ್ನ ಕೆಲಸವಲ್ಲ. ಬಂದ ದೇಣಿಗೆ ದಾಖಲಿಸುವುದು, ಬಿಲ್ ಪಾವತಿಸುವುದು, ಕೇಂದ್ರ ಚುನಾವಣಾ ಆಯೋಗಕ್ಕೆ ವರದಿ ಕಳಿಸುವುದು, ಇಷ್ಟೇ. ಹಾಗಾಗಿ ನನ್ನ ಉತ್ತರವೂ ಲೆಕ್ಕದವನ ಉತ್ತರ. ಅವರನ್ನು ಯಾರೂ ವಾಪಸ್ ತೆಗೆಸುವುದಿಲ್ಲ. ಸಂಬಳದ ದಿನ ಬರುತ್ತದೆ, ಖಾತೆಯಲ್ಲಿ ದುಡ್ಡಿರುವುದಿಲ್ಲ.

2016ರ ರಿಪಬ್ಲಿಕನ್ ಪಕ್ಷವನ್ನೇ ನೋಡಿ. ಕಣದಲ್ಲಿ 17 ಮಂದಿ ಪ್ರಮುಖರು. 2015ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಮೊದಲ ಚರ್ಚೆಗೆ ಒಂದು ವೇದಿಕೆ ಸಾಲದೆ, ಸಮೀಕ್ಷೆಯಲ್ಲಿ ಮುಂದಿದ್ದ 10 ಮಂದಿಗೆ ರಾತ್ರಿ, ಉಳಿದ ಏಳು ಮಂದಿಗೆ ಸಂಜೆ ಅಂತ ಹಂಚಿದರು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಟೆಕ್ಸಾಸ್‌ನ ಮಾಜಿ ಗವರ್ನರ್ ರಿಕ್ ಪೆರಿ, ವಿಸ್ಕಾನ್ಸಿನ್‌ನ ಗವರ್ನರ್ ಸ್ಕಾಟ್ ವಾಕರ್ ಇಬ್ಬರೂ ಹೊರಟಿದ್ದರು. ಮೊದಲ ಮತ ಬೀಳಲು ಇನ್ನೂ ನಾಲ್ಕು ತಿಂಗಳಿತ್ತು. ವಾಕರ್ ಪರವಾಗಿದ್ದ ಸೂಪರ್ ಪ್ಯಾಕ್ ಹತ್ತಿರ ಬೇಕಾದಷ್ಟು ದುಡ್ಡಿತ್ತು, ಆದರೂ ಹೋದರು.

ಇಲ್ಲಿ ಒಂದು ಗಂಟಿದೆ. ಸೂಪರ್ ಪ್ಯಾಕ್ ಅಂದರೆ ಅಭ್ಯರ್ಥಿಯ ಹೊರಗೆ ನಿಂತು ಅವರ ಪರ ಖರ್ಚು ಮಾಡುವ ಸಂಸ್ಥೆ. ಅದಕ್ಕೆ ಕೋಟಿಗಟ್ಟಲೆ ಕೊಡಬಹುದು. ಆದರೆ ಆ ದುಡ್ಡಿನಿಂದ ಅಭ್ಯರ್ಥಿಯ ವಿಮಾನದ ಟಿಕೆಟ್ ತೆಗೆಯುವಂತಿಲ್ಲ, ಅವರ ಕಚೇರಿಯ ಹುಡುಗರಿಗೆ ಸಂಬಳ ಕೊಡುವಂತಿಲ್ಲ. ಅದಕ್ಕೆಲ್ಲ ಅಭ್ಯರ್ಥಿಯ ಸ್ವಂತ ಸಮಿತಿಯ ಖಾತೆಯೇ ಬೇಕು. ಆ ಖಾತೆಗೆ ಒಬ್ಬ ವ್ಯಕ್ತಿ ಪ್ರೈಮರಿಗೆಂದು ಕೊಡಬಹುದಾದದ್ದು 2016ರಲ್ಲಿ 2,700 ಡಾಲರ್, 2020ರಲ್ಲಿ 2,800. ಅಷ್ಟು ಕೊಟ್ಟವರು ಮತ್ತೆ ಕೊಡುವಂತಿಲ್ಲ. ಪಕ್ಕದ ಮನೆ ಕಣಜದಲ್ಲಿ ಭತ್ತ ತುಂಬಿದೆ, ನಮ್ಮ ಒಲೆ ಮೇಲೆ ಅನ್ನವಿಲ್ಲ. ಈ ಕೆಲಸದಲ್ಲಿ ಇದು ದಿನಾ ನೋಡುವ ಸಂಗತಿ.

ಮೂರು ತಿಂಗಳಿಗೊಮ್ಮೆ ಆಯೋಗಕ್ಕೆ ವರದಿ ಹೋಗುತ್ತದೆ. ಪೇಪರಿನವರು ಎಷ್ಟು ಸಂಗ್ರಹವಾಯಿತು ಅಂತ ಬರೆಯುತ್ತಾರೆ. ನಾನು ನೋಡುವುದು ಬೇರೆ ಎರಡು ಸಾಲು. ಕೈಯಲ್ಲಿ ಉಳಿದ ನಗದು ಎಷ್ಟು, ಬಾಕಿ ಎಷ್ಟು? ಆಮೇಲೆ, ಬಂದ ದುಡ್ಡಿನಲ್ಲಿ ಐದು-ಹತ್ತು ಡಾಲರ್ ಕೊಟ್ಟವರ ಪಾಲು ಎಷ್ಟು? ಹತ್ತು ಡಾಲರ್ ಕೊಟ್ಟವರನ್ನು ಮುಂದಿನ ತಿಂಗಳು ಮತ್ತೆ ಕೇಳಬಹುದು. ಮಿತಿಯಷ್ಟು ಪೂರ್ತಿ ಕೊಟ್ಟವರನ್ನು ಕೇಳುವಂತಿಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಬರ್ನಿ ಸ್ಯಾಂಡರ್ಸ್ 2016ರಲ್ಲೂ 2020ರಲ್ಲೂ ಕೊನೆಯ ಪ್ರತಿಸ್ಪರ್ಧಿಯಾಗಿ ಕಣದಲ್ಲಿ ಉಳಿದದ್ದು ಈ ಸಣ್ಣ ದೇಣಿಗೆಯ ಬಲದಿಂದ. ಕಮಲಾ ಹ್ಯಾರಿಸ್ 2019ರ ಡಿಸೆಂಬರ್ 3ರಂದು ದುಡ್ಡಿಲ್ಲ ಅಂತ ನೇರವಾಗಿ ಹೇಳಿ ಹೊರನಡೆದರು. ಆಗಲೂ ಒಂದೇ ಒಂದು ಮತ ಬಿದ್ದಿರಲಿಲ್ಲ.

ಆ ವರ್ಷ ಡೆಮಾಕ್ರಟಿಕ್ ಪಕ್ಷ ಒಂದು ನಿಯಮ ಮಾಡಿತ್ತು. ಚರ್ಚಾ ವೇದಿಕೆ ಹತ್ತಬೇಕಾದರೆ ಮೂರು ಸಮೀಕ್ಷೆಗಳಲ್ಲಿ ಶೇ. 1 ಬರಬೇಕು, ಇಲ್ಲವೇ 65,000 ದಾನಿಗಳು ಇರಬೇಕು. ಮಯಾಮಿಯ ಮೊದಲ ಚರ್ಚೆಗೆ 20 ಮಂದಿ ಬಂದರು, ರಾತ್ರಿಗೆ ಹತ್ತು ಮಂದಿಯಂತೆ ಎರಡು ರಾತ್ರಿ. ಸೆಪ್ಟೆಂಬರ್‌ಗೆ ಆ 65,000 ಅನ್ನುವುದು 1,30,000 ಆಯಿತು. ಸಾಮಾನ್ಯರ ಬೆಂಬಲ ಅಳೆಯೋಣ ಅಂತ ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆದದ್ದೇನು? ಒಂದು ಡಾಲರ್ ಕೊಡುವ ಹೊಸ ದಾನಿಯನ್ನು ಹಿಡಿಯಲು ಫೇಸ್‌ಬುಕ್ ಜಾಹೀರಾತಿಗೆ ಹತ್ತಾರು ಡಾಲರ್ ಸುರಿಯುವುದು. ಮೊದಲ ಮತ ಬೀಳುತ್ತಿದ್ದ ಅಯೋವಾ ರಾಜ್ಯದಲ್ಲಿ ಕಚೇರಿ ತೆರೆಯಲು ಇಟ್ಟ ದುಡ್ಡು ಹೀಗೇ ಕರಗಿತು. ನನ್ನನ್ನು ಕೇಳಿದರೆ ಅದು ದಾನಿಗಳ ಲೆಕ್ಕವಾಗಿರಲಿಲ್ಲ, ಟಿವಿಯಲ್ಲಿ ಎರಡು ಗಂಟೆ ನಿಲ್ಲಲು ಕೊಟ್ಟ ಬಾಡಿಗೆ.

ಹಾಗಾದರೆ ಮತಕ್ಕೆ ಬೆಲೆ ಇಲ್ವಾ? ಇದೆ. ಆದರೆ ಮೊದಲ ಎರಡು ಮೂರು ರಾಜ್ಯಗಳಲ್ಲಿ ಮತ ಮಾಡುವ ಕೆಲಸ ಗೆಲ್ಲಿಸುವುದಲ್ಲ, ದುಡ್ಡು ಕೊಡುವವರಿಗೆ ಸುದ್ದಿ ಮುಟ್ಟಿಸುವುದು. 1976ರ ಅಯೋವಾದಲ್ಲಿ ಅತಿ ಹೆಚ್ಚು ಬೆಂಬಲ ಬಂದದ್ದು 'ಯಾರಿಗೂ ಇಲ್ಲ' ಎಂದವರ ಗುಂಪಿಗೆ. ಜಿಮ್ಮಿ ಕಾರ್ಟರ್ ಅದಕ್ಕಿಂತ ಹಿಂದಿದ್ದರು. ಆದರೆ ಹೆಸರಿದ್ದವರಲ್ಲಿ ಅವರೇ ಮೊದಲಿಗರು, ಅಷ್ಟು ಸಾಕಾಯಿತು.

2020ರ ಫೆಬ್ರವರಿ 3ರ ರಾತ್ರಿ ನಾನು ಅಯೋವಾದ ಒಂದು ಶಾಲೆಯ ಜಿಮ್‌ನಲ್ಲಿದ್ದೆ. ಕಾಕಸ್ ಅಂದರೆ ಊರಿನ ಪಕ್ಷದವರು ಒಂದೆಡೆ ಸೇರಿ ಅಭ್ಯರ್ಥಿಯನ್ನು ಆರಿಸುವ ಸಭೆ. ಅಲ್ಲಿ ಆಗ ಡೆಮಾಕ್ರಟರದು ಗುಟ್ಟಿನ ಮತವಾಗಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ, ಅಲ್ಲಿ ಹೋಗಿ ನಿಲ್ಲಬೇಕಿತ್ತು. ಬಂದವರು ಸುಮಾರು 200 ಜನ. ಶೇ. 15 ಇರದ ಗುಂಪು ಲೆಕ್ಕಕ್ಕಿಲ್ಲ, ಅಂದರೆ 30 ತಲೆ ಬೇಕು. ನಾನು ಯಾರ ಲೆಕ್ಕ ಬರೆಯುತ್ತಿದ್ದೆನೋ ಅವರ ಮೂಲೆಯಲ್ಲಿ 27 ಜನ. ಮೂರು ಜನಕ್ಕಾಗಿ ಒಬ್ಬ ನಿವೃತ್ತ ಟೀಚರಮ್ಮ ಬಿಸ್ಕತ್ತಿನ ಡಬ್ಬಿ ಹಿಡಿದು ಇನ್ನೊಂದು ಸಣ್ಣ ಗುಂಪಿನ ಹತ್ತಿರ ಹೋದರು. ಅಲ್ಲಿದ್ದವರೆಲ್ಲ ಅವರ ಅಕ್ಕಪಕ್ಕದ ಮನೆಯವರೇ. ಬಿಸ್ಕತ್ತು ತಿಂದರು, ನಕ್ಕರು, ಎದುರಿನ ದೊಡ್ಡ ಗುಂಪಿಗೆ ಹೋಗಿ ನಿಂತರು. ಹದಿನೈದು ನಿಮಿಷದಲ್ಲಿ ನಮ್ಮ 27 ಜನ ಚೆದುರಿದರು. ಟೀಚರಮ್ಮ ಮಾತ್ರ ಡಬ್ಬಿ ಹಿಡಿದುಕೊಂಡು ಅದೇ ಮೂಲೆಯಲ್ಲಿ ನಿಂತಿದ್ದರು.

ಆ ರಾತ್ರಿ ಎಣಿಕೆಯ ಆ್ಯಪ್ ಕೈಕೊಟ್ಟಿತು, ಫಲಿತಾಂಶಕ್ಕೆ ದಿನಗಟ್ಟಲೆ ಹಿಡಿಯಿತು. ಪೀಟ್ ಬುಟಿಜೆಜ್ ಕೂದಲೆಳೆಯಲ್ಲಿ ಮುಂದೆ ಬಂದಿದ್ದರೂ ಗೆದ್ದವರು ಅಂತ ಆ ರಾತ್ರಿಯೇ ಟಿವಿಯಲ್ಲಿ ಘೋಷಣೆಯಾಗಿ ದೇಣಿಗೆ ಎತ್ತುವ ಭಾಗ್ಯ ಅವರಿಗೆ ಸಿಗಲಿಲ್ಲ. ನಮ್ಮ ಕಸುಬಿನಲ್ಲಿ ಆ ಒಂದು ರಾತ್ರಿಗೆ ಎಷ್ಟು ಬೆಲೆ ಅಂತ ಗೊತ್ತಿದ್ದವರಿಗೆ ಅಯ್ಯೋ ಅನ್ನಿಸಿತು.

ಆ ಶೇ. 15ರ ಗೆರೆ ಡೆಮಾಕ್ರಟಿಕ್ ಪಕ್ಷದಲ್ಲಿ ಎಲ್ಲ ರಾಜ್ಯಕ್ಕೂ ಇದೆ. ಒಂದು ಜಿಲ್ಲೆಗೆ ಆರು ಡೆಲಿಗೇಟ್‌ಗಳು ಅಂದುಕೊಳ್ಳಿ. ಡೆಲಿಗೇಟ್ ಅಂದರೆ ಬೇಸಿಗೆಯ ಸಮಾವೇಶದಲ್ಲಿ ಅಭ್ಯರ್ಥಿಯ ಪರ ಮತ ಹಾಕುವವರು. ಐದು ಮಂದಿಗೆ ಶೇ. 34, 26, 16, 14, 10 ಬಂತು. ಕೊನೆಯ ಇಬ್ಬರು ಗೆರೆ ದಾಟಲಿಲ್ಲ. ಆರು ಡೆಲಿಗೇಟ್‌ಗಳು ಮೂರು, ಎರಡು, ಒಂದು ಅಂತ ಮೊದಲ ಮೂವರಿಗೆ ಹೋಗುತ್ತವೆ. ನೂರಕ್ಕೆ 24 ಮತ ಗಾಳಿಗೆ. ಶೇ. 14 ಬಂದವರಿಗೂ ಸೊನ್ನೆಯೇ. ಮಾರನೇ ದಿನ ಅವರ ದಾನಿಗಳು ಫೋನ್ ಎತ್ತುವುದಿಲ್ಲ.

ರಿಪಬ್ಲಿಕನ್ನರಲ್ಲಿ ಕೆಲವು ರಾಜ್ಯಗಳಲ್ಲಿ ಮೊದಲು ಬಂದವರಿಗೇ ಎಲ್ಲ. 2016ರ ದಕ್ಷಿಣ ಕೆರೊಲಿನಾದಲ್ಲಿ ಡೊನಾಲ್ಡ್ ಟ್ರಂಪ್ ಪಡೆದದ್ದು ಶೇ. 32.5 ಮತ, ಡೆಲಿಗೇಟ್ ಮಾತ್ರ 50ಕ್ಕೆ 50. ಅದೇ ರಾತ್ರಿ ಜೆಬ್ ಬುಷ್ ಕಣ ಬಿಟ್ಟರು. ಅವರ ಸೂಪರ್ ಪ್ಯಾಕ್ 10 ಕೋಟಿ ಡಾಲರಿಗೂ ಜಾಸ್ತಿ ಎತ್ತಿತ್ತು. ಏಪ್ರಿಲ್ 19ರ ನ್ಯೂಯಾರ್ಕ್‌ವರೆಗೆ ಟ್ರಂಪ್‌ಗೆ ಯಾವ ರಾಜ್ಯದಲ್ಲೂ ಅರ್ಧಕ್ಕಿಂತ ಜಾಸ್ತಿ ಮತ ಬಿದ್ದಿರಲಿಲ್ಲ. ಆದರೂ ಯಾರೂ ತಡೆಯಲಾಗಲಿಲ್ಲ. ಯಾಕೆ?

ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಮಜ್ಜಿಗೆ ಆಗಿದೆ, ಕೈ ಒಣಗುತ್ತಿದೆ, ಪಕ್ಕದವರೂ ಉಂಡು ಕೂತಿದ್ದಾರೆ. ಆದರೂ ಯಾರೂ ಏಳುವುದಿಲ್ಲ. ಮೊದಲು ಎದ್ದವನು ಮರ್ಯಾದೆ ಇಲ್ಲದವನು. ಟೆಡ್ ಕ್ರೂಜ್, ಮಾರ್ಕೊ ರುಬಿಯೊ, ಜಾನ್ ಕೇಸಿಕ್ ಮೂವರೂ ಹಾಗೇ ಕೂತಿದ್ದರು. ಉಳಿದಿಬ್ಬರು ಎದ್ದರೆ ನನಗೂ ಟ್ರಂಪ್‌ಗೂ ನೇರ ಸ್ಪರ್ಧೆ ಅಂತ ಮೂವರ ಲೆಕ್ಕ. ರುಬಿಯೊ ತಮ್ಮ ಫ್ಲೋರಿಡಾದಲ್ಲೇ ಸೋತು, ಅಲ್ಲಿನ 99 ಡೆಲಿಗೇಟ್‌ಗಳನ್ನು ಕಳೆದುಕೊಂಡು ಮಾರ್ಚ್ 15ಕ್ಕೆ ಎದ್ದರು. ಉಳಿದಿಬ್ಬರು ಮೇ 3 ಮತ್ತು 4ರಂದು. ಅಷ್ಟರಲ್ಲಿ ಎಲೆ ಎತ್ತಿಯಾಗಿತ್ತು.

ನಾಲ್ಕು ವರ್ಷ ಬಿಟ್ಟು ಡೆಮಾಕ್ರಟರು ಇದಕ್ಕೆ ಉಲ್ಟಾ ಮಾಡಿದರು. ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಐದನೆಯವರು. ನನ್ನ ಲೆಕ್ಕದ ಪ್ರಕಾರ ಅವರ ಕಥೆ ಮುಗಿದಿತ್ತು. ಆಮೇಲೆ ದಕ್ಷಿಣ ಕೆರೊಲಿನಾದ ಹಿರಿಯ ಕಪ್ಪು ನಾಯಕ ಜಿಮ್ ಕ್ಲೈಬರ್ನ್ ಬೆಂಬಲ ಘೋಷಿಸಿದರು. ಮೂರು ದಿನ ಬಿಟ್ಟು, ಫೆಬ್ರವರಿ 29ರಂದು, ಬೈಡನ್ ಅಲ್ಲಿ ಭರ್ಜರಿಯಾಗಿ ಗೆದ್ದರು. ಮಾರ್ಚ್ 1ಕ್ಕೆ ಬುಟಿಜೆಜ್ ಎದ್ದರು, 2ಕ್ಕೆ ಏಮಿ ಕ್ಲೋಬುಷಾರ್. ಇಬ್ಬರೂ ಅದೇ ದಿನ ಡಲ್ಲಾಸ್‌ನಲ್ಲಿ ಬೈಡನ್ ಪರ ನಿಂತರು. ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕಿದ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇಯಲ್ಲಿ 14 ರಾಜ್ಯಗಳಲ್ಲಿ 10 ಬೈಡನ್‌ಗೆ. ಅದರಲ್ಲಿ ಕ್ಲೋಬುಷಾರ್ ಅವರ ಮಿನ್ನೆಸೊಟಾ ಕೂಡ ಒಂದು. 48 ಗಂಟೆ ತಡವಾಗಿದ್ದರೆ ಆ ಮತಗಳೆಲ್ಲ ಮೂರು ಪಾಲಾಗುತ್ತಿದ್ದವು.

ನನ್ನ ಮಾತಿಗೆ ಕೊಕ್ಕೆ ಹಾಕುವವರೂ ಇದ್ದಾರೆ, ಅದನ್ನೂ ಹೇಳಬೇಕು. ಮೈಕಲ್ ಬ್ಲೂಮ್‌ಬರ್ಗ್‌ಗೆ ದುಡ್ಡಿನ ಚಿಂತೆಯೇ ಇರಲಿಲ್ಲ. ಸ್ವಂತ ಜೇಬಿನಿಂದ 50 ಕೋಟಿ ಡಾಲರಿಗೂ ಜಾಸ್ತಿ ಸುರಿದರು, ಆ ಸೂಪರ್ ಟ್ಯೂಸ್‌ಡೇಯಲ್ಲಿ ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪ ಪ್ರದೇಶ ಒಂದನ್ನು, ಮಾರನೇ ದಿನವೇ ಹೊರಟರು. ಇನ್ನೊಂದು ಕಡೆ ಜಾನ್ ಮೆಕೇನ್. 2007ರ ಬೇಸಿಗೆಯಲ್ಲಿ ಅವರ ಖಾತೆ ಬರಿದಾಗಿತ್ತು, ಸಿಬ್ಬಂದಿಯನ್ನು ಕಳಿಸಿಬಿಟ್ಟಿದ್ದರು. ಆದರೂ ನ್ಯೂ ಹ್ಯಾಂಪ್‌ಷೈರ್ ಗೆದ್ದು ಅಭ್ಯರ್ಥಿಯಾದರು. ಜಾನ್ ಕೆರಿ 2003ರ ಕೊನೆಯಲ್ಲಿ ಬಾಸ್ಟನ್ ಮನೆ ಅಡವಿಟ್ಟು 64 ಲಕ್ಷ ಡಾಲರ್ ತಂದರು, ಮುಂದಿನ ತಿಂಗಳು ಅಯೋವಾ ಗೆದ್ದರು. ಮನೆ ಅಡ ಇಟ್ಟು ಸೋತವರ ಹೆಸರು ಯಾರೂ ನೆನಪಿಡುವುದಿಲ್ಲ, ಅದು ಬೇರೆ ಮಾತು.

ಹೊರಡುವಾಗ ಯಾರೂ 'ಸೋತೆ' ಅನ್ನುವುದಿಲ್ಲ, ಗಮನಿಸಿದ್ದೀರಾ? 'ಪ್ರಚಾರವನ್ನು ಅಮಾನತಿನಲ್ಲಿಡುತ್ತಿದ್ದೇನೆ' ಅನ್ನುತ್ತಾರೆ. ಬಾಕಿ ತೀರಿಸಲು ದುಡ್ಡು ಎತ್ತುತ್ತಲೇ ಇರಬೇಕು, ಸಮಿತಿ ಮುಚ್ಚುವಂತಿಲ್ಲ. ನ್ಯೂಟ್ ಗಿಂಗ್ರಿಚ್ 2012ರ ಮೇನಲ್ಲಿ ಹೊರಬಂದರು, 40 ಲಕ್ಷ ಡಾಲರಿಗೂ ಮೇಲ್ಪಟ್ಟ ಸಾಲ ವರ್ಷಗಟ್ಟಲೆ ವರದಿಯಲ್ಲಿ ಹಾಗೇ ಉಳಿಯಿತು. ನನ್ನ ಕಂಪ್ಯೂಟರಿನಲ್ಲೂ ಅಂಥದ್ದೊಂದು ಸಮಿತಿ ಇದೆ. ಅಭ್ಯರ್ಥಿಯ ಹೆಸರು ಈಗ ಅವರ ಊರಿನವರಿಗೂ ನೆನಪಿರಲಿಕ್ಕಿಲ್ಲ. ಮೂರು ತಿಂಗಳಿಗೊಮ್ಮೆ ಅದೇ ಸಾಲು ಬರೆದು ಕಳಿಸುತ್ತೇನೆ: ಬೋರ್ಡ್ ಪ್ರಿಂಟ್ ಮಾಡಿದ ಅಂಗಡಿಗೆ ಬಾಕಿ.

ಇದನ್ನು ಭಾಮೈದನಿಗೆ ಹೇಳಿದಾಗ ಮೊದಲ ಸಲ ಅವನಿಗೆ ಎಲ್ಲ ಅರ್ಥವಾಯಿತು ಅನ್ನಿಸಿತು. "ನಮ್ಮಲ್ಲೂ ಹಂಗೇ ಭಾವ, ಹೋದ ಸಲದ ಶಾಮಿಯಾನದವನಿಗೆ ಇನ್ನೂ ಕೊಟ್ಟಿಲ್ಲ" ಅಂದ.