ಬ್ಯಾಪ್ಟಿಸಮ್: ಬಣ್ಣದ ತೊಟ್ಟಿಯಿಂದ ದೀಕ್ಷಾಸ್ನಾನದವರೆಗೆ

ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ನೀರಿನ ವಿಧಿಗೆ ಬಳ್ಳಾರಿಯ ಕ್ಯಾಥೊಲಿಕರು ‘ಜ್ಞಾನಸ್ನಾನ’ ಅನ್ನುತ್ತಾರೆ, ಪ್ರಾಟೆಸ್ಟೆಂಟರು ‘ದೀಕ್ಷಾಸ್ನಾನ’. ಎರಡರ ಹಿಂದೆಯೂ ಇರುವುದು ‘ಬಾಪ್ತಿಸ್ಮ’ ಎಂಬ ಒಂದೇ ಗ್ರೀಕ್ ಪದ.

ಅದರ ಧಾತು ‘ಬಾಪ್ತೊ’, ಅಂದರೆ ಅದ್ದು. ಕಮ್ಮಾರರೂ ಬಣ್ಣಗಾರರೂ ದಿನವೂ ಆಡುತ್ತಿದ್ದ ಮಾತಿದು. ಹೋಮರನ ಒಡಿಸ್ಸಿಯಲ್ಲಿ ಕಮ್ಮಾರ ಕಾದ ಕೊಡಲಿಯನ್ನು ತಣ್ಣೀರಿಗೆ ಅದ್ದಿ ಹದ ಕೊಡುವಲ್ಲಿ ಇದೇ ಕ್ರಿಯಾಪದ ಬರುತ್ತದೆ. ಬಟ್ಟೆಗೆ ಬಣ್ಣ ಕಟ್ಟುವುದಕ್ಕೂ ಇದೇ ಪದ. ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸಿನ ನೂಲನ್ನೇ ನೋಡಿ: ಇಂಡಿಗೊ ತೊಟ್ಟಿಯಿಂದ ಎತ್ತಿದಾಗ ಅದು ಹಳದಿ ಮಿಶ್ರಿತ ಹಸಿರು, ಗಾಳಿಯ ಆಮ್ಲಜನಕ ತಾಗಿದ ಮೇಲೆ ನೀಲಿ. ಒಂದೇ ಸಲ ಬಹಳ ಹೊತ್ತು ನೆನೆಹಾಕಿದರೆ ಕಡುನೀಲಿ ಬಾರದು. ಅದ್ದಿ, ಗಾಳಿಗೆ ಹಿಡಿದು, ಮತ್ತೆ ಮತ್ತೆ ಅದ್ದಬೇಕು.

‘ಬಾಪ್ತಿಜೊ’ ಇದರಿಂದಲೇ ಹುಟ್ಟಿದ ರೂಪ. ಮುಳುಗಿದ ಹಡಗುಗಳಿಗೂ ಗ್ರೀಕ್ ಇತಿಹಾಸಕಾರರು ಇದನ್ನು ಬಳಸಿದ್ದಾರೆ. ಹೊಸ ಒಡಂಬಡಿಕೆಯಲ್ಲಿ ಯೇಸು ರೊಟ್ಟಿಯ ತುತ್ತನ್ನು ಅದ್ದುವಾಗ ‘ಬಾಪ್ತೊ’, ಯೋರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆಯುವಾಗ ‘ಬಾಪ್ತಿಜೊ’. ಆದರೆ ಧಾತುವೊಂದನ್ನೇ ಹಿಡಿದು ‘ಮುಳುಗಿಸುವುದಷ್ಟೇ ಸರಿ’ ಎಂದು ಹೊರಟರೆ ದಾರಿ ತಪ್ಪುತ್ತೇವೆ. ಮಾರ್ಕ 7:4ರಲ್ಲಿ ಬಟ್ಟಲು, ತಂಬಿಗೆ ತೊಳೆಯುವುದಕ್ಕೂ ಇದೇ ಕುಲದ ಪದವಿದೆ. ಆದಿ ಕ್ರೈಸ್ತರ ಕೈಪಿಡಿ ‘ಡಿಡಾಕೆ’ ವಿಧಿಯನ್ನು ಹೀಗೆ ಹೇಳುತ್ತದೆ: ಹರಿಯುವ ನೀರು ಮೇಲು; ಅದಿಲ್ಲದಿದ್ದರೆ ಬೇರೆ ನೀರು; ತಣ್ಣೀರು ಆಗದಿದ್ದರೆ ಬಿಸಿನೀರು; ಯಾವುದೂ ಸಾಕಷ್ಟು ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ನೀರು ಹೊಯ್ಯಿರಿ. ಹಳ್ಳಗಳು ಬತ್ತಿಹೋಗುವ ರಾಯಚೂರಿನ ಬೇಸಿಗೆಗೂ ಒಪ್ಪುವ ವಿವೇಕ ಇದು.

ಮುಳುಗಿಸುವುದೋ ಹೊಯ್ಯುವುದೋ ಎಂಬ ತಕರಾರು ಅನುವಾದಕರನ್ನೂ ಬಿಡಲಿಲ್ಲ. ಬಂಗಾಳಿಯಲ್ಲಿ ‘ಮುಳುಗಿಸು’ ಎಂದೇ ಅನುವಾದಿಸಿದ್ದಕ್ಕೆ 1830ರ ದಶಕದಲ್ಲಿ ಬೈಬಲ್ ಸೊಸೈಟಿ ಹಣ ಕೊಡಲು ಒಪ್ಪಲಿಲ್ಲ. ಕನ್ನಡ ಬೈಬಲಿನ ಕೆಲಸ ನಡೆದದ್ದು ಬಳ್ಳಾರಿಯಲ್ಲಿ. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದರ ಮುಂದಾಳು. ಇಂದು ರೂಢಿಯಲ್ಲಿರುವ ‘ದೀಕ್ಷಾಸ್ನಾನ’ ಬಹಳ ಜಾಣ ಪದ. ಹೊಳೆಯಲ್ಲಿ ಮುಳುಗಿದರೂ ಸ್ನಾನವೇ, ತಂಬಿಗೆಯಿಂದ ಹೊಯ್ದುಕೊಂಡರೂ ಸ್ನಾನವೇ. ‘ದೀಕ್ಷೆ’ಯಂತೂ ಈ ಭಾಗದ ಲಿಂಗಾಯತ ಮನೆಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಮಾತು.

ಪೆಂಟೆಕೋಸ್ಟ್ ಸಭೆಗಳು ಇಂದಿಗೂ ಪೂರಾ ಮುಳುಗಿಸುತ್ತವೆ. ಕ್ಯಾಥೊಲಿಕರಲ್ಲಿ ಮಗುವಿನ ತಲೆಗೆ ಮೂರು ಸಲ ಹೊಯ್ಯುವುದು ರೂಢಿ. ಆಗ ನೀರು ಕೂದಲ ಮೇಲಷ್ಟೇ ಜಾರಿಹೋಗದೆ ಚರ್ಮಕ್ಕೆ ತಾಗಿ ಹರಿಯಬೇಕು.