ಸಂಬಳ ಹೆಚ್ಚಿಸಿದರೂ ಹೋಟೆಲಿನ ಹುಡುಗರು ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಕುಂಬಳೆಯ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ಬಂದ ಹುಡುಗರು ನಾಲ್ಕೈದು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ. ಸಂಬಳ ಹೆಚ್ಚು ಮಾಡಿ ನೋಡಿದೆವು, ಪ್ರಯೋಜನವಾಗಲಿಲ್ಲ. ಇನ್ನೇನು ಮಾಡಬೇಕು?

ಉತ್ತರ: ಮಂಜೇಶ್ವರದಿಂದ ಮುಳ್ಳೇರಿಯದ ತನಕ ಹೋಟೆಲು ನಡೆಸುವವರೆಲ್ಲ ಕೇಳುವ ಪ್ರಶ್ನೆ ಇದು. ಸಂಬಳ ಕಡಿಮೆಯಿದ್ದರೆ ಮುಂದಿನ ಯಾವ ಮಾತಿಗೂ ಬೆಲೆಯಿಲ್ಲ. ಅದನ್ನು ನೀವು ಸರಿಮಾಡಿದ್ದೀರಿ. ಇನ್ನು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ, ರಶ್ಶಿನ ಹೊತ್ತಿನಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ ಎಂದು ಒಂದು ವಾರ ಗಮನಿಸಿ.

1985ರಲ್ಲಿ ನ್ಯೂಯಾರ್ಕಿನಲ್ಲಿ ಯೂನಿಯನ್ ಸ್ಕ್ವೇರ್ ಕೆಫೆ ತೆರೆದ ಡ್ಯಾನಿ ಮೇಯರ್ ತಮ್ಮ ವ್ಯಾಪಾರಕ್ಕೆ ಒಂದು ಸರದಿ ಇಟ್ಟುಕೊಂಡರು: ಮೊದಲು ಕೆಲಸದವರು, ಆಮೇಲೆ ಗಿರಾಕಿ, ನಂತರ ಊರಿನವರು, ಸಾಮಾನು ಒದಗಿಸುವವರು, ಕೊನೆಗೆ ದುಡ್ಡು ಹಾಕಿದವರು. ಗಿರಾಕಿಯೇ ದೇವರು ಎಂದು ನಂಬಿದ ನಮಗೆ ಇದು ತಲೆಕೆಳಗಾಗಿ ಕಾಣಬಹುದು. ಆದರೆ ಆ ದೇವರ ಮುಂದೆ ಹೋಗಿ ನಿಲ್ಲುವವನು ಮಾಣಿ. ಒಳಗೆ ಬೈಸಿಕೊಂಡು ಬಂದವನು ಹೊರಗೆ ನಗುತ್ತಾ ಬಡಿಸಲಾರ. ಇಲೆವನ್ ಮ್ಯಾಡಿಸನ್ ಪಾರ್ಕ್ ಎಂಬ ರೆಸ್ಟೋರೆಂಟನ್ನು 2017ರಲ್ಲಿ ವಿಶ್ವದ 50 ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯ ತುದಿಗೆ ಒಯ್ದ ವಿಲ್ ಗಿಡಾರಾ ಹೇಳುವುದೂ ಅದನ್ನೇ: ಹೊಗಳುವುದು ಎಲ್ಲರೆದುರು, ತಿದ್ದುವುದು ಬದಿಗೆ ಕರೆದು. ನಮ್ಮಲ್ಲಿ ಸಾಮಾನ್ಯವಾಗಿ ಬೈಗುಳ ಎಲ್ಲರೆದುರು, ಹೊಗಳಿಕೆ ಮನಸ್ಸಿನೊಳಗೆ.

ಗಿಡಾರಾ ದಿನವೂ ಬಾಗಿಲು ತೆರೆಯುವ ಮೊದಲು ಎಲ್ಲರನ್ನೂ ಸೇರಿಸಿ ಮಾತಾಡುತ್ತಿದ್ದರು. ನಿಮಗೆ ಹತ್ತು ನಿಮಿಷ ಸಾಕು. ಇವತ್ತು ಪಾಯಸ ಎಷ್ಟಿದೆ, ಮಧೂರು ದೇವಸ್ಥಾನದಲ್ಲಿ ವಿಶೇಷವಿದ್ದರೆ ಎಷ್ಟು ಜನ ಬರಬಹುದು, ನಿನ್ನೆ ಯಾವ ಟೇಬಲಿನಲ್ಲಿ ತಕರಾರಾಯಿತು. ಕಾಸರಗೋಡಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಪಾತ್ರೆ ತೊಳೆಯುವವನದು ಒಡಿಯಾ, ಬಡಿಸುವವನದು ತುಳು, ಗಿರಾಕಿ ಕೇಳುವುದು ಮಲಯಾಳದಲ್ಲಿ, ನೀವು ರೇಗುವುದು ಕನ್ನಡದಲ್ಲಿ. ಬೆಳಿಗ್ಗೆ ಹೇಳದೆ ಬಿಟ್ಟದ್ದೆಲ್ಲ ಮಧ್ಯಾಹ್ನ ಬೊಬ್ಬೆಯಾಗುತ್ತದೆ.

ಹುಡುಗರ ಊಟವೂ ಬಾಗಿಲು ತೆರೆಯುವ ಮೊದಲೇ ಮುಗಿಯಲಿ. ಎಷ್ಟೋ ಕಡೆ ಅವರು ಉಣ್ಣುವುದು ಮೂರೂವರೆಗೆ, ಮೂಲೆಯಲ್ಲಿ ನಿಂತು, ತಳದಲ್ಲಿ ಉಳಿದ ಸಾಂಬಾರಿನಲ್ಲಿ. ಹಸಿದವನ ಕೈಯಿಂದ ಬೇರೆಯವರ ಬಾಳೆಗೆ ಬಡಿಸುವುದು ನನಗೆ ಸಹಿಸಲಾಗದ ಸಂಗತಿ. ನೀವೂ ಅವರ ಜೊತೆ ಕೂತು ಅದೇ ಅನ್ನ ಉಣ್ಣಿ.

ಇದಕ್ಕಿಂತ ದೊಡ್ಡ ಮಾತೊಂದಿದೆ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ರೋಗಾಣು ಪತ್ತೆಯಾಯಿತು. ಈಗ ಕೇರಳದಲ್ಲಿ ಕೆಲಸದವರಿಗೆ ವೈದ್ಯರು ಪರೀಕ್ಷಿಸಿ ಕೊಡುವ ಹೆಲ್ತ್ ಕಾರ್ಡ್ ಬೇಕು, ಪಾರ್ಸೆಲಿನ ಮೇಲೆ ತಯಾರಿಸಿದ ಹೊತ್ತು ಬರೆಯಬೇಕು. ಎರಡೂ ಒಳ್ಳೆಯದೇ. ಆದರೆ ಶಿಗೆಲ್ಲಾ ಹೊಟ್ಟೆ ಕೆಟ್ಟವನ ಕೈಯಿಂದಲೂ ಹರಡುತ್ತದೆ, ಕಾರ್ಡು ಮಾಡಿಸಿದ್ದು ಯಾವತ್ತೋ. ಇವತ್ತು ಬೆಳಿಗ್ಗೆ ಭೇದಿ ಶುರುವಾದ ಹುಡುಗ ಅದನ್ನು ನಿಮಗೆ ಹೇಳುತ್ತಾನೆಯೇ? ರಜೆ ಹಾಕಿದರೆ ದಿನದ ಸಂಬಳ ಹೋಗುತ್ತದೆಂದರೆ ಹೇಳುವುದಿಲ್ಲ, ಬಂದು ಚಟ್ನಿ ಬಡಿಸುತ್ತಾನೆ. ಕಾಯಿಲೆಯ ದಿನದ ಸಂಬಳ ಹಿಡಿಯಬೇಡಿ. ‘ಈ ಮೊಸರು ಹಳಸಿದೆ’ ಎಂದು ಕ್ಲೀನರ್ ಹುಡುಗ ಹೇಳಿದರೆ ಅದನ್ನು ಅವನೆದುರೇ ಚೆಲ್ಲಿ, ಭಟ್ಟರಿಗೆ ಸಿಟ್ಟು ಬಂದರೂ ಸರಿ.

ಮೇಲೆ ಬರುವ ದಾರಿಯೂ ಅವನಿಗೆ ಕಾಣಬೇಕು. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕಡಂದಲೆಯ ಕೃಷ್ಣ ರಾಯರು ಅಡುಗೆಮನೆಯ ಹುಡುಗನಾಗಿ ಶುರುಮಾಡಿದವರು. ಕ್ಲೀನರ್ ಆಗಿ ಬಂದವನಿಗೆ ದೋಸೆ ಕಾವಲಿಯ ಕೆಲಸ ಯಾವಾಗ ಸಿಗುತ್ತದೆ, ಆಗ ಸಂಬಳ ಎಷ್ಟು ಎಂದು ಸೇರಿಸಿಕೊಳ್ಳುವಾಗಲೇ ಹೇಳಿಬಿಡಿ.

ಕೊನೆಯದಾಗಿ, ಊರಿಗೆ ಹೊರಟವನ ಒಂದು ತಿಂಗಳ ಸಂಬಳ ಹಿಡಿದಿಟ್ಟರೆ ವಾಪಸ್ಸು ಬಂದೇ ಬರುತ್ತಾನೆ ಎಂಬ ಲೆಕ್ಕ ಕೆಲವು ಯಜಮಾನರಿಗಿದೆ. ಅದನ್ನು ಮಾಡಬೇಡಿ. ಬಾಕಿಯೆಲ್ಲ ಚುಕ್ತಾ ಮಾಡಿ, ಸಾಧ್ಯವಾದರೆ ರೈಲಿನ ಟಿಕೆಟಿಗೂ ಸ್ವಲ್ಪ ಕೊಟ್ಟು, ಯಾವ ತಾರೀಕಿಗೆ ಬರುತ್ತೀ ಎಂದು ಕೇಳಿ ಕಳಿಸಿ.