ಭೀಮರಾಜ ಕೂಗಿದರೆ ನಿಲ್ಲಿ

ಅಕ್ಟೋಬರ್ ಕೊನೆಯಲ್ಲಿ, ಮಳೆ ಹೊಳವಾದ ಮೇಲೆ, ಚಿಕ್ಕಮಗಳೂರು ಜಿಲ್ಲೆಯ ಮುತ್ತೋಡಿ ಕಡೆಯ ಕಾಡಂಚಿನಲ್ಲಿ ಎಂಟು-ಹತ್ತು ಜನ ದುರ್ಬೀನು ಹಿಡಿದು ಹೊರಟಾಗ ಎಷ್ಟೋ ಸಲ ಮೊದಲ ಅರ್ಧ ಗಂಟೆ ಒಂದು ಹಕ್ಕಿಯೂ ಕಾಣುವುದಿಲ್ಲ. ಮತ್ತಿ, ನಂದಿ, ತೇಗದ ಮರಗಳು ಸುಮ್ಮನೆ ನಿಂತಿರುತ್ತವೆ. ಆಮೇಲೆ ಒಮ್ಮೆಲೇ ನೆತ್ತಿಯ ಮೇಲೆ ಕೆಂಪು ಕಿಡಿಗಳಂತೆ ಚಿತ್ರಪಕ್ಷಿಗಳು ಹಾರುತ್ತವೆ, ಮರಕುಟಿಗ ತೊಗಟೆ ಕುಟ್ಟುತ್ತದೆ, ಕೆಂಪು ಕೊಕ್ಕಿನ ಪುಟ್ಟ ನೀಲಿ ಹಕ್ಕಿಯೊಂದು ನಂದಿಯ ನುಣುಪು ಕಾಂಡದ ಮೇಲೆ ತಲೆಕೆಳಗಾಗಿ ಇಳಿದುಬರುತ್ತದೆ. ಐದು ನಿಮಿಷದಲ್ಲಿ ಎಲ್ಲವೂ ಮುಂದೆ ಸಾಗಿ ಮತ್ತೆ ಮೌನ ಕವಿಯುತ್ತದೆ.

ಹೊಸಬರು ಅದೃಷ್ಟವೆಂದುಕೊಳ್ಳುವ ಈ ಸಂಭ್ರಮವನ್ನು ಪಕ್ಷಿತಜ್ಞರು ಮಿಶ್ರ ಬೇಟೆಗುಂಪು ಎನ್ನುತ್ತಾರೆ. ಬೇರೆ ಬೇರೆ ಜಾತಿಯ ಹಕ್ಕಿಗಳು ಜೊತೆಯಾಗಿ ಮೇಯುವುದರಿಂದ ಗಿಡುಗದ ಮೇಲೆ ಕಣ್ಣಿಡುವವರು ಹೆಚ್ಚುತ್ತಾರೆ. ಒಂದು ಹಕ್ಕಿ ಎಲೆ ಕೆದಕಿ ಎಬ್ಬಿಸಿದ ಹುಳು ಇನ್ನೊಂದರ ಬಾಯಿಗೆ ಸಿಗುತ್ತದೆ. ಈ ಗುಂಪುಗಳಲ್ಲಿ ಮತ್ತೆ ಮತ್ತೆ ಕಾಣುವವನು ಭೀಮರಾಜ, ಅಂದರೆ ಬಾಲದ ತುದಿಯಲ್ಲಿ ಎರಡು ಉದ್ದನೆಯ ತಂತಿಗಳನ್ನು ಹೊತ್ತ ಕಾಜಾಣ. ಇತರ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ಇವನು ನಿಸ್ಸೀಮ. ಶ್ರೀಲಂಕಾದ ಸಿಂಹರಾಜ ಮಳೆಕಾಡಿನಲ್ಲಿ ಇವನ ಹತ್ತಿರದ ಬಂಧುವನ್ನು ಅಧ್ಯಯನ ಮಾಡಿದ ಎಬೆನ್ ಗುಡೇಲ್ ಮತ್ತು ಸರತ್ ಕೊಟಗಮ 2006ರಲ್ಲಿ ಪ್ರಕಟಿಸಿದ ಸಂಶೋಧನೆಗಳು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತವೆ. ಅಪಾಯವಿಲ್ಲದಾಗ ಆ ಕಾಜಾಣ ಇತರ ಹಕ್ಕಿಗಳ ಸಾಮಾನ್ಯ ದನಿಗಳನ್ನು ಅನುಕರಿಸಿದರೆ, ಅಪಾಯ ಕಂಡಾಗ ಅವುಗಳ ಎಚ್ಚರಿಕೆಯ ಕೂಗನ್ನೂ ಬೇಟೆಹಕ್ಕಿಗಳ ದನಿಯನ್ನೂ ಹೊರಡಿಸುತ್ತದೆ. ಅದರ ಅನುಕರಣೆಯನ್ನು ಧ್ವನಿಮುದ್ರಿಸಿ ಕಾಡಿನಲ್ಲಿ ಕೇಳಿಸಿದಾಗ ಗುಂಪಿನ ಇತರ ಜಾತಿಗಳು ಹತ್ತಿರ ಬಂದವು. ಎಂದರೆ ಗುಂಪು ತಾನಾಗಿ ಕೂಡುವುದಷ್ಟೇ ಅಲ್ಲ, ಅದನ್ನು ಕರೆದು ಕೂಡಿಸುವವನೂ ಇದ್ದಾನೆ.

ಶರತ್ಕಾಲದಲ್ಲಿ ಇದನ್ನು ನೋಡಬೇಕೆನ್ನುವುದಕ್ಕೆ ಕಾರಣವಿದೆ. ಗೂಡು ಕಟ್ಟುವ ಕಾಲದಲ್ಲಿ ಜೋಡಿಗಳು ಮರಿಗಳ ಸುತ್ತಲೇ ಕಟ್ಟುಬಿದ್ದಿರುತ್ತವೆ. ಆ ಹೊಣೆ ಮುಗಿದ ಮೇಲೆ ಅವು ಅಲೆಯಲು ಸ್ವತಂತ್ರ. ಅದೇ ಹೊತ್ತಿಗೆ ಹಿಮಾಲಯದಿಂದ, ಅದರಾಚೆಯ ಮಧ್ಯ ಏಷ್ಯಾದಿಂದ ಹಸಿರು ಉಲಿಯಕ್ಕಿಗಳು ಬಂದು ಸೇರುತ್ತವೆ. ಎಂಟು ಗ್ರಾಂ ಆಸುಪಾಸಿನ ಆ ಜೀವವನ್ನು ಎಲೆಗಳ ನಡುವೆ ಕಣ್ಣಿಗಿಂತ ಮೊದಲು ಕಿವಿಯೇ ಹಿಡಿಯುತ್ತದೆ.

ಗುಂಪಿನಲ್ಲಿ ನಡೆಯುವವರು ಭೀಮರಾಜನ ದನಿ ಕೇಳಿದೊಡನೆ ಮಾತು ನಿಲ್ಲಿಸಿ, ಇದ್ದಲ್ಲೇ ನಿಂತು, ಒಬ್ಬರು ಮರದ ತುದಿಯನ್ನೂ ಒಬ್ಬರು ಕಾಂಡವನ್ನೂ ಮತ್ತೊಬ್ಬರು ಪೊದೆಯನ್ನೂ ನೋಡುವಂತೆ ಹಂಚಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಂದೊಂದು ಜಾತಿ ಒಂದೊಂದು ಅಂತಸ್ತಿನಲ್ಲಿ ಮೇಯುತ್ತದೆ. ಹಕ್ಕಿಗಳ ಗುಂಪು ಮುಂದೆ ಸಾಗಿದಾಗ ಅದರ ಹಿಂದೆ ಓಡಬೇಡಿ. ಸಾಲಿನ ಕೊನೆಯ ಹಕ್ಕಿ ಇನ್ನೂ ಬರಬೇಕಿರಬಹುದು.